ಹಾಡುಗಾರರ ಶೋಧ: ದರೋಜಿ ಈರಮ್ಮನವರ ನಿಮಿತ್ತವಾಗಿ ಒಂದು ವಿಚಾರ

ಸಂಡೂರಿನ ಬೆಟ್ಟಗಳ ಒಡಲಲ್ಲಿ ಏನಿದೆಯೆಂಬುದನ್ನು ಶಾಸ್ತ್ರರೀತಿಯಿಂದ ಬರೆದಿಟ್ಟವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿಗಳು ಮುಖ್ಯರು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಅವರ ಗ್ರಂಥವು ೧೮೯೫ರಲ್ಲಿ ಪ್ರಕಟವಾಯಿತು. ಆದರೆ ಅವರು ಆ ಬೆಟ್ಟಗಳನ್ನು ಏರುವುದಕ್ಕೆ ಬಹುಕಾಲ ಮೊದಲೇ ಆ ಸೀಮೆಯ ಜನರು ಅಲ್ಲಿಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ ಕುಡ ಕುಡುಗೋಲುಗಳನ್ನು ಮಾಡಿಕೊಳ್ಳುತ್ತಿದ್ದರು. ಹಾಗಿರುವಲ್ಲಿ ಶೋಧವೆಂಬುದು ಏನು? ಇದ್ದ ವಸ್ತುವನ್ನು, ಅದರೊಡನೆ ಬಾಳುತ್ತಿದ್ದವರನ್ನು ಬಿಟ್ಟು ಉಳಿದವರಿಗೆ ತಿಳಿಸಿಕೊಟ್ಟುದು, ಅಷ್ಟೆ. ಈ ತಿಳಿವಳಿಕೆಯಿಂದ ಲೋಕಕ್ಕೆ ಲಾಭವಾಯಿತೆಂಬುದು ನಿಜ. ಬೆಟ್ಟಕ್ಕೆ ಏನಾಯಿತೆಂಬುದು ಬೇರೆಯ ಪ್ರಶ್ನೆ.

ಜನಪದ ಗಾಯಕರನ್ನು 'ಕಂಡುಹಿಡಿಯುವ' ಉದ್ಯಮಕ್ಕೂ ಈ ಎರಡು ಪ್ರಶ್ನೆಗಳು ಸಲ್ಲುತ್ತವೆ. 'ಹೊಸ ಪ್ರತಿಭೆ' ಎಂಬ ಮಾತು ಈಚಿನ ವರ್ಷಗಳಲ್ಲಿ ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಉತ್ಸವದ ಸಮಿತಿಗಳು, ದೂರದರ್ಶನದ ಸ್ಪರ್ಧೆಗಳು, ಅಂತರಜಾಲದ ವಾಹಿನಿಗಳು, ಗಿಟಾರು ಹಿಡಿದು ಸ್ವತಂತ್ರವಾಗಿ ಹಾಡುವ ನಗರದ ತರುಣ ತಂಡಗಳು, ಇವೆಲ್ಲವೂ ಹಳ್ಳಿಯ ಕೊರಳನ್ನು ಹುಡುಕುತ್ತಿವೆ. ಹುಡುಕಾಟವು ತಪ್ಪಲ್ಲ, ಉತ್ಸಾಹವೂ ಶ್ಲಾಘ್ಯವೇ. ಆದರೆ ಯಾವ ಅಳತೆಗೋಲಿನಿಂದ ಹುಡುಕುವುದು? ಎರಡು ಮೂರು ನಿಮಿಷಗಳ ಹಾಡಿನಲ್ಲಿ ತೋರುವ ಕಂಠದ ಇಂಪು, ಉಡಿಗೆಯ ವೈಚಿತ್ರ್ಯ, ಬಡತನದ ಕಥೆ, ಈ ಮೂರರಿಂದಲೇ ಗಾಯಕರ ಯೋಗ್ಯತೆಯನ್ನು ನಿರ್ಣಯಿಸುವ ಅಭ್ಯಾಸವು ಬೆಳೆಯುತ್ತಿದೆ. ಈ ಅಭ್ಯಾಸವು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರೀಕ್ಷಿಸಲು ಸಂಡೂರು ತಾಲ್ಲೂಕಿನಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅದು ದರೋಜಿಯ ಬುರ್ರಕಥಾ ಈರಮ್ಮನವರದು.

ಅದಕ್ಕೆ ಮೊದಲು ಕನ್ನಡದಲ್ಲಿ ಈ ಶೋಧದ ಚರಿತ್ರೆಯನ್ನು ಸಂಕ್ಷೇಪವಾಗಿ ನೆನೆಯುವುದು ಒಳ್ಳೆಯದು. ಶಾಸನತಜ್ಞರಾದ ಜೆ. ಎಫ್. ಫ್ಲೀಟರು ಉತ್ತರ ಕರ್ನಾಟಕದ ಲಾವಣಿಗಳನ್ನು ಸಂಗ್ರಹಿಸಿ ೧೮೮೫ರಿಂದ ಮೊದಲ್ಗೊಂಡು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಅರ್ಧ ಶತಮಾನದ ತರುವಾಯ ಹಲಸಂಗಿಯ ಗೆಳೆಯರು ಈ ಕಾರ್ಯವನ್ನು ಮನೆಯ ಕೆಲಸವೆಂಬಂತೆ ಕೈಗೆತ್ತಿಕೊಂಡರು. ೧೯೩೧ರಲ್ಲಿ 'ಗರತಿಯ ಹಾಡು', ೧೯೩೩ರಲ್ಲಿ 'ಜೀವನ ಸಂಗೀತ', ೧೯೩೫ರಲ್ಲಿ 'ಮಲ್ಲಿಗೆ ದಂಡೆ' ಹೊರಬಂದವು. ಬೀಸುವ ಕಲ್ಲಿನ ಮುಂದೆ ಹುಟ್ಟಿದ ಮಾತು ಕಾವ್ಯವೆಂದು ವಿದ್ವಾಂಸರ ಸಭೆಯಲ್ಲಿ ಕುಳಿತುಕೊಂಡುದು ಅವರ ಶ್ರಮದ ಫಲ. ಆ ಋಣವನ್ನು ಕನ್ನಡಿಗರು ಎಂದಿಗೂ ಮರೆಯತಕ್ಕದ್ದಲ್ಲ.

ಆದರೆ ಆ ಕಾಲದ ಶೋಧಕ್ಕೆ ಒಂದು ಮಿತಿಯಿತ್ತು. ಹುಡುಕಿದುದು ಹಾಡನ್ನು, ಹಾಡುವವರನ್ನಲ್ಲ. ಜನಪದವೆಂಬುದು ಹೆಸರಿಲ್ಲದ ಸಮುದಾಯದ ಸೃಷ್ಟಿ ಎಂಬ ಭಾವನೆಯು ಆಗ ಬಲವಾಗಿತ್ತು. ಆದಕಾರಣ ತ್ರಿಪದಿಗಳು ಓದುಗರ ನಾಲಗೆಯಲ್ಲಿ ನಿಂತವು. ಅವನ್ನು ಹಾಡಿಕೊಟ್ಟ ಗರತಿಯರ ಹೆಸರುಗಳು ಹಾಗೆ ನಿಲ್ಲಲಿಲ್ಲ. ಸಂಗ್ರಾಹಕರ ಹೆಸರು ಮುಖಪುಟಕ್ಕೆ ಬಂದಿತು, ಗಾಯಕಿಯು ಸಮುದಾಯದಲ್ಲಿ ಕರಗಿದಳು. ಒಬ್ಬ ಗಾಯಕಿಗೂ ಇನ್ನೊಬ್ಬಳಿಗೂ ನಡುವೆ ಇರುವ ಭೇದವೇನು, ಒಂದೇ ಕಥೆಯನ್ನು ಇಬ್ಬರು ಹಾಡಿದರೆ ಯಾರದು ಮೇಲು, ಏತಕ್ಕೆ ಮೇಲು, ಎಂಬ ವಿಮರ್ಶೆಗೆ ಅಲ್ಲಿ ಎಡೆಯಿರಲಿಲ್ಲ.

ಈ ಎಡೆಯನ್ನು ತೆರೆದುದು ಧ್ವನಿಮುದ್ರಣ. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸರು ೧೯೩೩ರಿಂದ ೧೯೩೫ರವರೆಗೆ ಯುಗೋಸ್ಲಾವಿಯದಲ್ಲಿ ಸಂಚರಿಸಿ ಅಲ್ಲಿಯ ವೀರಗಾಯಕರನ್ನು ಮುದ್ರಿಸಿಕೊಂಡರು. ಅವರಲ್ಲಿ ಒಬ್ಬನಾದ ಅವ್ದೊ ಮೆಜೆದೊವಿಚ್ ಎಂಬ ಓದುಬರಹವಿಲ್ಲದ ರೈತನು ಹನ್ನೆರಡು ಸಾವಿರಕ್ಕೂ ಮಿಕ್ಕಿದ ಸಾಲುಗಳ ಕಾವ್ಯವನ್ನು ಹೇಳಿ ಬರೆಯಿಸಿದನು. ಅಂಥವರು ಬಾಯಿಪಾಠವನ್ನು ಒಪ್ಪಿಸುವವರಲ್ಲ, ಹಾಡುತ್ತ ಹಾಡುತ್ತ ಕಟ್ಟುವವರು, ಎಂಬ ಸಿದ್ಧಾಂತವು ಆಗ ಹುಟ್ಟಿತು. ಕರ್ನಾಟಕದಲ್ಲಿಯೂ ಇದಕ್ಕೆ ಸಮನಾದ ಕಾರ್ಯವು ನಡೆದಿದೆ. ತುಳುನಾಡಿನ ಗೋಪಾಲ ನಾಯ್ಕರು ೧೯೯೦ರಲ್ಲಿ ಹೇಳಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರ ತಂಡವು ಬರೆದುಕೊಂಡು, ೧೫,೬೮೩ ಸಾಲುಗಳಾಗಿ ೧೯೯೮ರಲ್ಲಿ ಪ್ರಕಟಿಸಿತು. ಅಲ್ಲಿ ಕಾವ್ಯದೊಡನೆ ಗಾಯಕನ ಹೆಸರೂ ಉಳಿಯಿತು. ಈರಮ್ಮನವರನ್ನು ಈ ಸಾಲಿನಲ್ಲಿಟ್ಟು ನೋಡಬೇಕು.

ದರೋಜಿಯೆಂದರೆ ಹೊರಗಿನವರಿಗೆ ಮೊದಲು ನೆನಪಾಗುವುದು ಕರಡಿಧಾಮ. ಬಂಡೆಗಳ ನಡುವಣ ಕುರುಚಲು ಕಾಡಿನ ಆ ಕರಡಿಗಳಿಗೆ ೧೯೯೪ರಲ್ಲಿ ಸರಕಾರದ ರಕ್ಷಣೆಯು ದೊರೆಯಿತು. ಅದೇ ಊರಿನ ಹೆಸರನ್ನು ಹೊತ್ತ ಗಾಯಕಿಗೆ ರಾಜ್ಯೋತ್ಸವ ಪ್ರಶಸ್ತಿಯು ಬಂದುದು ೧೯೯೯ರಲ್ಲಿ. ಆಗ ಅವರು ಎಪ್ಪತ್ತರ ಹತ್ತಿರದಲ್ಲಿದ್ದರು. ಆ ಬಳಿಕ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವವೂ ಸಂದಿತು. ೨೦೧೪ರ ಆಗಸ್ಟ್ ೧೨ರಂದು ಅವರು ಬಳ್ಳಾರಿಯಲ್ಲಿ ತೀರಿಕೊಂಡರು. ಈ ತಾರೀಖುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯವು ತಾನಾಗಿ ಹೊಳೆಯುತ್ತದೆ. ಎಂಬತ್ತು ವರ್ಷಗಳನ್ನು ಮೀರಿದ ಬಾಳಿನಲ್ಲಿ ಲೋಕವು ಅವರನ್ನು ಅರಿತುದು ಕಡೆಯ ಕೆಲವು ವರ್ಷಗಳಲ್ಲಿ ಮಾತ್ರ. ಕಲೆಯಾದರೋ ಅದಕ್ಕೆ ದಶಕಗಳ ಮೊದಲೇ ಪೂರ್ಣವಾಗಿದ್ದಿತು.

ಈರಮ್ಮನವರು ಬುಡಗಜಂಗಮ ಸಮುದಾಯದವರು. ಊರಿಂದೂರಿಗೆ ನಡೆದು ಕಥೆ ಹೇಳಿ, ಕೊಟ್ಟ ಕಾಳನ್ನು ಸೆರಗಿಗೆ ಕಟ್ಟಿಕೊಂಡು ಬಾಳಿದ ಜನ. ತಂದೆ ಲಾಲಪ್ಪನವರೇ ಗುರು. ಅಕ್ಷರದ ಸಹಾಯವಿಲ್ಲ, ಕೇಳಿದುದೇ ಪಾಠ, ಹಾಡಿದುದೇ ಪರೀಕ್ಷೆ. ಸಹೋದರಿ ಶಿವಮ್ಮ, ನಾದಿನಿ ಪಾರ್ವತಮ್ಮ ಇವರೀರ್ವರು ಹಿಮ್ಮೇಳಕ್ಕೆ ನಿಂತರು. ಕುಮಾರರಾಮ, ಬಾಲನಾಗಮ್ಮ, ಬಬ್ಬುಳಿ ನಾಗಿರೆಡ್ಡಿ, ಜೈಸಿಂಗರಾಜ ಮೊದಲಾದ ಹನ್ನೆರಡು ಕಥನಕಾವ್ಯಗಳು ಅವರ ನೆನಪಿನಲ್ಲಿದ್ದುವು. ಅಚ್ಚಿನಲ್ಲಿ ಅವು ಸಾವಿರಾರು ಪುಟಗಳಾಗುವುವು. ಅವುಗಳಲ್ಲಿ ಕೆಲವನ್ನು ಕನ್ನಡ ವಿಶ್ವವಿದ್ಯಾಲಯವು ಪುಸ್ತಕರೂಪದಲ್ಲಿ ಪ್ರಕಟಿಸಿದೆ.

ಬುರ್ರಕಥೆಯ ರಚನೆಯನ್ನು ಅರಿಯದೆ ಈ ಸಾಮರ್ಥ್ಯದ ಬೆಲೆಯನ್ನು ಕಟ್ಟಲಾಗದು. ಇದರಲ್ಲಿ ಮುಖ್ಯ ಕಥೆಗಾರರು ಒಬ್ಬರು, ಅವರ ಎರಡು ಪಕ್ಕಗಳಲ್ಲಿ ವಾದ್ಯ ಹಿಡಿದ ಹಿಮ್ಮೇಳದವರು ಇಬ್ಬರು. ಕಥೆಗಾರರು ಒಂದು ಸಾಲನ್ನು ಎತ್ತಿದರೆ ಹಿಮ್ಮೇಳವು ಸೊಲ್ಲನ್ನು ಕೂಡಿಸುತ್ತದೆ. ನಡುನಡುವೆ ಹಾಡು ನಿಂತು ಗದ್ಯವು ಮೊದಲಾಗುತ್ತದೆ. ಹಿಮ್ಮೇಳದವರು ಪ್ರಶ್ನೆ ಕೇಳುತ್ತಾರೆ, ಹೂಂಗುಟ್ಟುತ್ತಾರೆ, ಹಾಸ್ಯವಾಡುತ್ತಾರೆ. ಕೇಳುವವರಿಗೆ ಇದು ವಿನೋದ, ಹಾಡುವವರಿಗೆ ಉಸಿರಾಟದ ಎಡೆ. ಸೊಲ್ಲು ತಿರುಗುವಷ್ಟು ಹೊತ್ತಿನಲ್ಲಿ ಕಥೆಗಾರರು ಮುಂದಿನ ಸಾಲನ್ನು ಸಿದ್ಧಪಡಿಸಿಕೊಳ್ಳುತ್ತಾರೆ. ಹೀಗೆ ರಾತ್ರಿಯೆಲ್ಲ ನಡೆಯುವ ಕಾವ್ಯವು ಮೂವರ ಶ್ವಾಸದ ಮೇಲೆ ನಿಂತಿದೆ. ಒಬ್ಬ 'ಪ್ರತಿಭಾವಂತ'ಳನ್ನು ಮಾತ್ರ ಎತ್ತಿ ವೇದಿಕೆಯ ಮೇಲೆ ನಿಲ್ಲಿಸಿದರೆ ಕಂಬವೊಂದನ್ನು ಕಿತ್ತು ತಂದು ಗುಡಿಯೆಂದು ಕರೆದಂತಾಗುವುದು.

ಇದೇ ಬುರ್ರಕಥೆಯು ಆಂಧ್ರದಲ್ಲಿ ಬೇರೊಂದು ಹಾದಿಯನ್ನು ಹಿಡಿಯಿತು. ೧೯೪೦ರ ದಶಕದಲ್ಲಿ ಅಲ್ಲಿಯ ಪ್ರಜಾನಾಟ್ಯ ಮಂಡಳಿಯವರು ಅದನ್ನು ರಾಜಕೀಯ ಜಾಗೃತಿಯ ಸಾಧನವಾಗಿ ಮಾಡಿಕೊಂಡರು. ಶೇಖ್ ನಾಜರ್ ಅವರು ಆ ಕಲೆಯ ಮೇರುವೆನಿಸಿ ೧೯೮೬ರಲ್ಲಿ ಪದ್ಮಶ್ರೀಯನ್ನು ಪಡೆದರು. ಅಲ್ಲಿ ಕಥೆಯು ಚಿಕ್ಕದಾಯಿತು, ಚುರುಕಾಯಿತು, ಕಾಲದ ಮಾತನ್ನು ಆಡಿತು. ಇಲ್ಲಿ ಮನೆತನದ ಹೆಂಗಸರು ಹಳೆಯ ದೀರ್ಘಕಾವ್ಯಗಳನ್ನು ಹೊತ್ತುಕೊಂಡೇ ನಡೆದರು. ಒಂದು ಮೇಲು, ಇನ್ನೊಂದು ಕೀಳು ಎಂದು ಹೇಳಲು ಕಾರಣವಿಲ್ಲ. ಆದರೆ ಮೊದಲನೆಯದಕ್ಕೆ ಸಭೆಯಿತ್ತು, ಪಕ್ಷವಿತ್ತು, ಪತ್ರಿಕೆಯಿತ್ತು; ಎರಡನೆಯದಕ್ಕೆ ಊರಬಾಗಿಲೊಂದೇ ಇತ್ತು. ಹೆಸರು ಬೇಗ ಬರುವುದಕ್ಕೂ ತಡವಾಗಿ ಬರುವುದಕ್ಕೂ ಕಾರಣವು ಎಷ್ಟೋ ಸಲ ಇಂಥ ಹೊರಗಿನ ಅನುಕೂಲವೇ ಹೊರತು ಕಲೆಯ ತಾರತಮ್ಯವಲ್ಲ.

ಈರಮ್ಮನವರ ಕಾವ್ಯಗಳಲ್ಲಿ ಕುಮಾರರಾಮನ ಕಥೆಗೆ ವಿಶೇಷವಾದ ಅರ್ಥವಿದೆ. ಕಂಪಿಲರಾಯನ ಮಗನಾದ ರಾಮನ ಈ ಕಥೆಯನ್ನು ನಂಜುಂಡ ಕವಿಯು ಸಾಂಗತ್ಯದಲ್ಲಿ ಹಾಡಿರುವನು. ಬೇರೆ ಕವಿಗಳೂ ಹಾಡಿರುವರು. ಚೆಂಡಾಟದಲ್ಲಿ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುವುದು, ಅವಳ ಮೋಹವನ್ನು ರಾಮನು ತಿರಸ್ಕರಿಸುವುದು, ಅವಳ ದೂರನ್ನು ನಂಬಿ ತಂದೆಯು ಮರಣದಂಡನೆಯನ್ನು ವಿಧಿಸುವುದು, ಮಂತ್ರಿ ಬೈಚಪ್ಪನು ಅವನನ್ನು ಗುಟ್ಟಾಗಿ ಅಡಗಿಸಿಡುವುದು, ದಿಲ್ಲಿಯ ಸೈನ್ಯವು ಮುತ್ತಿದಾಗ ಸತ್ತನೆಂದು ತಿಳಿದವನು ಎದ್ದುಬಂದು ಕಾದುವುದು, ಇವು ಕಥೆಯ ಮುಖ್ಯ ಸಂಧಿಗಳು. ಕಂಪಿಲಿಯ ರಾಜ್ಯವು ೧೩೨೭ರ ಸುಮಾರಿಗೆ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಬಿದ್ದಿತು. ಕೆಲವು ವರ್ಷಗಳಲ್ಲಿಯೇ ಅದೇ ನೆಲದಲ್ಲಿ ವಿಜಯನಗರವು ಎದ್ದಿತು. ಪಂಡಿತಕವಿಯು ಇದನ್ನು ಪರನಾರೀಸಹೋದರನ ಶೀಲದ ಕಥೆಯಾಗಿ ಮುಖ್ಯವಾಗಿ ಕಾಣುವನು. ಕಂಪ್ಲಿ, ಹೊಸಪೇಟೆ, ಸಂಡೂರುಗಳ ಕೇಳುಗರಿಗಾದರೋ ಇದು ನೆರೆಮನೆಯ ಕಥೆ. ಕಂಪ್ಲಿಯೆಂಬ ಹೆಸರು ಪದ್ಯದಲ್ಲಿ ಬಂದಾಗ ಅವರು ಅದನ್ನು ದೂರದ ಒಂದು ರಾಜಧಾನಿಯೆಂದು ತಿಳಿಯುವುದಿಲ್ಲ. ಸಂತೆಗೆ ಹೋಗಿಬರುವ ಊರೆಂದು ತಿಳಿಯುತ್ತಾರೆ. ಕಾವ್ಯಕ್ಕೂ ನೆಲಕ್ಕೂ ಇಷ್ಟು ನಿಕಟವಾದ ಸಂಬಂಧವಿರುವಾಗ ಗಾಯಕಿಯ ಹೊಣೆಯು ಹೆಚ್ಚುತ್ತದೆ. ತಪ್ಪಿದರೆ ತಿದ್ದುವವರು ಎದುರಿಗೇ ಕುಳಿತಿರುತ್ತಾರೆ.

ಇಲ್ಲಿ ಪ್ರಚಾರದಲ್ಲಿರುವ ಒಂದು ಹೊಗಳಿಕೆಯನ್ನು ಪರೀಕ್ಷಿಸಬೇಕು. ಈರಮ್ಮನವರನ್ನು ಕುರಿತು ಬರೆದವರಲ್ಲಿ ಅನೇಕರು ಅವರ ಜ್ಞಾಪಕಶಕ್ತಿಯನ್ನೇ ಮುಂದಿಟ್ಟು, ಇಷ್ಟು ಕಾವ್ಯ, ಇಷ್ಟು ಪುಟವೆಂದು ಎಣಿಸುತ್ತಾರೆ. ಎಣಿಕೆಯು ಬೆರಗನ್ನು ಹುಟ್ಟಿಸುತ್ತದೆ, ರುಚಿಯನ್ನು ಹುಟ್ಟಿಸುವುದಿಲ್ಲ. ಪುಟಗಳ ಭಾರದಿಂದ ಕವಿಯನ್ನು ತೂಗುವುದಾದರೆ ಸರ್ವಜ್ಞನಿಗೆ ಗತಿಯೇನು? ಮೌಖಿಕ ಕಾವ್ಯದಲ್ಲಿ ನೆನಪೆಂಬುದು ಉಗ್ರಾಣವಲ್ಲ, ಹದ. ಸೈನ್ಯ ಹೊರಡುವಾಗ, ತಾಯಿ ಅಳುವಾಗ, ಕುದುರೆಗೆ ಜೀನು ಬಿಗಿಯುವಾಗ ಬಳಸಬೇಕಾದ ಸಿದ್ಧವಾದ ನುಡಿಕಟ್ಟುಗಳು ಪರಂಪರೆಯಿಂದ ಬಂದಿರುತ್ತವೆ. ಅವನ್ನು ಎಲ್ಲಿ ಹಿಗ್ಗಿಸಬೇಕು, ಎಲ್ಲಿ ಒಂದೇ ಸಾಲಿನಲ್ಲಿ ಮುಗಿಸಬೇಕು, ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಹೆಂಗಸರ ಮುಂದೆ ಯಾವ ಸಂಧಿಯನ್ನು ಬೆಳೆಸಬೇಕು, ದಣಿದ ಗಂಡಸರ ಮುಂದೆ ಯಾವುದನ್ನು ಬೇಗ ದಾಟಿಸಬೇಕು, ಈ ವಿವೇಕವೇ ಗಾಯಕಿಯ ಸ್ವಂತ ಸೊತ್ತು. ಪ್ಯಾರಿಯವರು ತೋರಿಸಿದ ತತ್ತ್ವವೂ ಇದೇ. ಆದಕಾರಣ ಹನ್ನೆರಡು ಕಾವ್ಯಗಳು ನೆನಪಿನಲ್ಲಿದ್ದುವು ಎನ್ನುವುದಕ್ಕಿಂತ ಹನ್ನೆರಡು ಕಾವ್ಯಗಳನ್ನು ಪ್ರತಿಸಲವೂ ಹೊಸದಾಗಿ ಕಟ್ಟುವ ಶಕ್ತಿಯಿತ್ತು ಎನ್ನುವುದು ಸತ್ಯಕ್ಕೆ ಹತ್ತಿರ.

ಎರಡನೆಯ ಅಂಶವು ಭಾಷೆಯದು. ಬುಡಗಜಂಗಮರ ಮನೆಮಾತು ತೆಲುಗು. ಈರಮ್ಮನವರ ಹೆಸರನ್ನು ನಿಲ್ಲಿಸಿದ ಕಾವ್ಯಗಳ ಭಾಷೆ ಕನ್ನಡ. ೧೯೫೩ರಲ್ಲಿ ಮೈಸೂರಿಗೆ ಸೇರುವವರೆಗೆ ಬಳ್ಳಾರಿಯು ಮದರಾಸಿನ ಆಡಳಿತದಲ್ಲಿದ್ದಿತು. ಸಂಡೂರಾದರೋ ೧೯೪೯ರವರೆಗೆ ಘೋರ್ಪಡೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿದ್ದಿತು. ಬಳ್ಳಾರಿ ಯಾರದೆಂದು ವಿದ್ಯಾವಂತರು ವಾದಿಸುತ್ತಿದ್ದ ಕಾಲದಲ್ಲಿ ಅಲೆಮಾರಿ ಗಾಯಕರು ಎರಡು ಭಾಷೆಗಳ ಕಥೆಗಳನ್ನು ಒಂದೇ ಜೋಳಿಗೆಯಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ಬಾಲನಾಗಮ್ಮನ ಕಥೆಯು ತೆಲುಗಿನಲ್ಲಿ ಎಷ್ಟು ಪ್ರಸಿದ್ಧವೋ ಕುಮಾರರಾಮನ ಕಥೆಯು ಕನ್ನಡದಲ್ಲಿ ಅಷ್ಟೇ ಪ್ರಸಿದ್ಧ. ಎರಡೂ ಒಂದೇ ಬಾಯಿಂದ ಬಂದುವು. ೨೦೨೧ರಲ್ಲಿ ಹೊಸಪೇಟೆ, ಹಂಪಿಗಳು ವಿಜಯನಗರ ಜಿಲ್ಲೆಗೆ ಸೇರಿ, ಸಂಡೂರು, ಕಂಪ್ಲಿಗಳು ಬಳ್ಳಾರಿಯಲ್ಲಿ ಉಳಿದಿವೆ. ಈ ಹೊಸ ಗೆರೆಯೂ ಹಾಡಿಗೆ ಅಡ್ಡಬರುವಂಥದಲ್ಲ.

ಇನ್ನು ಪುಸ್ತಕದ ವಿಚಾರ. ವಿಶ್ವವಿದ್ಯಾಲಯವು ಈ ಕಾವ್ಯಗಳನ್ನು ಅಚ್ಚು ಮಾಡಿಸದೆ ಇದ್ದಿದ್ದರೆ ಅವು ೨೦೧೪ರ ಆಗಸ್ಟಿನಲ್ಲಿ ಅವರೊಡನೆಯೇ ಮಣ್ಣಾಗುತ್ತಿದ್ದುವು. ಈ ಉಪಕಾರವನ್ನು ಮೊದಲು ಒಪ್ಪಿಕೊಂಡು ಅನಂತರ ಕೊರತೆಯನ್ನು ಹೇಳುವುದು ನ್ಯಾಯ. ಕಥನಕಾವ್ಯವು ಪುಟದ ಮೇಲೆ ಬಂದಾಗ ಸೊಲ್ಲು ಮಾಯವಾಗುತ್ತದೆ. ಅಥವಾ ಉಳಿದರೆ ಓದುಗನಿಗೆ ಬೇಸರ ತರುತ್ತದೆ. ಕಿವಿಗೆ ಆಸರೆಯಾದ ಪುನರುಕ್ತಿಯು ಕಣ್ಣಿಗೆ ದೋಷವಾಗಿ ತೋರುತ್ತದೆ. ಹಿಮ್ಮೇಳದವರ ಮಾತು ಯಾವುದು, ಕಥೆಗಾರ್ತಿಯದು ಯಾವುದು ಎಂಬುದು ಮಸಕಾಗುತ್ತದೆ. ಮುಖ್ಯವಾಗಿ, ಅಚ್ಚಾದ ಪಾಠವು ಒಂದು ದಿನದ ಪಾಠ. ಅದೇ ಸಂಧಿಯನ್ನು ಇನ್ನೊಂದು ದಿನ ಇನ್ನೊಂದು ಊರಿನಲ್ಲಿ ಅವರು ಹೇಗೆ ಹಾಡುತ್ತಿದ್ದರೆಂಬುದನ್ನು ತಿಳಿಯದೆ ಅವರ ಕಟ್ಟುವ ಶಕ್ತಿಯನ್ನು ಅಳೆಯುವುದು ಹೇಗೆ? ಐವತ್ತರ ಹರೆಯದಲ್ಲಿ ಆ ಕೊರಳು ಹೇಗಿತ್ತು, ಮೂವತ್ತರಲ್ಲಿ ಹೇಗಿತ್ತು? ಈ ಪ್ರಶ್ನೆಗಳಿಗೆ ಪುಸ್ತಕವು ಉತ್ತರ ಹೇಳಲಾರದು. ತಡವಾದ ಶೋಧದ ನಷ್ಟವು ಇದೇ. ಕಾವ್ಯವು ಉಳಿಯಿತು, ಕಾವ್ಯದ ಯೌವನವು ಉಳಿಯಲಿಲ್ಲ.

ಹಾಗಾದರೆ ಸಕಾಲದಲ್ಲಿ ಶೋಧವು ನಡೆಯುವುದೇ ಇಲ್ಲವೆ? ನಡೆಯುತ್ತದೆ, ಆದರೆ ಅದನ್ನು ನಡೆಸುವವರು ವಿದ್ವಾಂಸರಲ್ಲ. ಇದಕ್ಕೆ ನಿದರ್ಶನವು ಹೊಸಪೇಟೆಗೆ ಹತ್ತಿರದ ಮರಿಯಮ್ಮನಹಳ್ಳಿಯಲ್ಲಿದೆ. ಮಂಜಮ್ಮ ಜೋಗತಿಯವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ೨೦೨೧ರಲ್ಲಿ ಪದ್ಮಶ್ರೀಯನ್ನು ಸ್ವೀಕರಿಸುವಾಗ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದ ದೃಶ್ಯವನ್ನು ದೇಶವೆಲ್ಲ ಕಂಡಿತು. ದೇಶವು ಅವರನ್ನು ಕಂಡುದು ಅಂದು. ಆದರೆ ಮನೆಯನ್ನು ತೊರೆದು ದಿಕ್ಕುಗಾಣದೆ ಇದ್ದ ಎಳೆಯ ಮಂಜಮ್ಮನವರು ದಾವಣಗೆರೆಯ ಬಸ್ ನಿಲ್ದಾಣದ ಬಳಿ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ತಂದೆಮಕ್ಕಳನ್ನು ಕಂಡು ಜೋಗತಿ ನೃತ್ಯವನ್ನು ಕಲಿತರು. ತರುವಾಯ ಕಾಳವ್ವ ಜೋಗತಿಯವರು ಅವರನ್ನು ಪರೀಕ್ಷಿಸಿ ತಮ್ಮ ಮೇಳಕ್ಕೆ ಸೇರಿಸಿಕೊಂಡರು, ಚಿಕ್ಕ ಪಾತ್ರಗಳನ್ನು ಕೊಟ್ಟು ಬೆಳೆಸಿದರು. ಕಾಳವ್ವನವರ ತರುವಾಯ ಮೇಳವನ್ನು ನಡೆಸಿದವರು ಮಂಜಮ್ಮನವರೇ.

ನಿಜವಾದ ಶೋಧಕರು ಇಲ್ಲಿ ಕಾಳವ್ವನವರು. ಅವರ ಕೈಯಲ್ಲಿ ಧ್ವನಿಮುದ್ರಕವಿರಲಿಲ್ಲ, ಪ್ರಶಸ್ತಿಪತ್ರವಿರಲಿಲ್ಲ. ಇದ್ದುದು ಕಲೆಯನ್ನು ಬಲ್ಲ ಕಣ್ಣು, ಮತ್ತು ಮೇಳದಲ್ಲಿ ಒಂದು ಖಾಲಿಯಾದ ಸ್ಥಾನ. ಹೊರಗಿನ ಶೋಧಕರು ಗಾಯಕರನ್ನು ಕಂಡರೆ ಕೊಡುವುದು ಚಪ್ಪಾಳೆ. ಒಳಗಿನ ಶೋಧಕರು ಕೊಡುವುದು ಕೆಲಸ. ಲಾಲಪ್ಪನವರು ಮಗಳಿಗೆ ಕೊಟ್ಟುದೂ ಅದೇ. ಭರವಸೆಯ ಹೊಸ ಗಾಯಕರನ್ನು ಹುಡುಕುವವರು ಮೊದಲು ಕೇಳಬೇಕಾದ ಪ್ರಶ್ನೆಯು ಇದರಿಂದ ದೊರೆಯುತ್ತದೆ: ಹಾಡುವವರನ್ನು ಯಾರು ಆರಿಸಿ ಕಲಿಸಿದರು? ಅವರೊಡನೆ ಸೊಲ್ಲು ಕೂಡಿಸುವವರು ಯಾರಿದ್ದಾರೆ? ಈ ಎರಡಕ್ಕೂ ಉತ್ತರವಿರುವಲ್ಲಿ ಕಲೆಯು ಜೀವಂತವಾಗಿದೆ. ಉತ್ತರವಿಲ್ಲದಲ್ಲಿ ಕಂಠವಿದ್ದೀತು, ಪರಂಪರೆಯಿಲ್ಲ.

ಸಂಡೂರಿನಲ್ಲಿಯೇ ಇನ್ನೊಂದು ವಿಚಿತ್ರವನ್ನು ನೋಡಬಹುದು. ಇಲ್ಲಿಯ ಲಂಬಾಣಿ ಹೆಂಗಸರ ಕಸೂತಿಯು ಲೋಕಪ್ರಸಿದ್ಧವಾಗಿದೆ. ಸಂಡೂರು ಕುಶಲ ಕಲಾ ಕೇಂದ್ರದ ಪ್ರಯತ್ನದಿಂದ ಅದಕ್ಕೆ ೨೦೧೦ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯು ಬಂದಿತು. ೨೦೨೩ರ ಜುಲೈಯಲ್ಲಿ ಹಂಪಿಯಲ್ಲಿ ಜಿ-೨೦ ಸಭೆಯು ಸೇರಿದಾಗ ೧,೭೫೫ ಲಂಬಾಣಿ ಕಸೂತಿಯ ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು. ಸೂಜಿ ಹಿಡಿದ ಕೈಗೆ ಇಷ್ಟು ಮನ್ನಣೆಯು ಸಂದುದು ಸಂತೋಷದ ವಿಷಯ. ಆದರೆ ಆ ಕೈಯುಳ್ಳವರಿಗೆ ಬಾಯಿಯೂ ಉಂಟು. ಹೋಳಿಯ ದಿನಗಳಲ್ಲಿ ತಾಂಡದಲ್ಲಿ ಲೇಂಗಿ ಹಾಡುಗಳು ಕೇಳಿಬರುತ್ತವೆ; ತೀಜ್ ಹಬ್ಬದಲ್ಲಿ ಕನ್ನೆಯರು ಬುಟ್ಟಿಯಲ್ಲಿ ಗೋದಿಯ ಸಸಿಯನ್ನು ಬೆಳೆಸುತ್ತ ಹಾಡುತ್ತಾರೆ; ಮದುವೆಯಾಗಿ ಹೊರಡುವ ಹುಡುಗಿಯು ತವರಿನವರ ಕೊರಳನ್ನು ತಬ್ಬಿ ಢಾವಲೊ ಎಂಬ ಅಳುವಿನ ಹಾಡನ್ನು ಹಾಡುತ್ತಾಳೆ. ಈ ಅಳುವು ತಾನಾಗಿ ಬರುವುದಲ್ಲ. ಹಿರಿಯ ಹೆಂಗಸರು ಅದನ್ನು ಮದುವೆಗೆ ಮುಂಚೆ ಕಲಿಸುತ್ತಾರೆ. ದುಃಖಕ್ಕೆ ರಾಗವನ್ನು ಕಲಿಸಿಕೊಡುವ ಇಂಥ ಶಾಲೆಯು ಬೇರೆಲ್ಲಿದೆ? ಗೋರ್ ಬೋಲಿಗೆ ತನ್ನದೇ ಆದ ಲಿಪಿಯಿಲ್ಲದಿರುವುದರಿಂದ ಹಾಡಿನ ಹೊರತು ಅದಕ್ಕೆ ಬೇರೆ ಗ್ರಂಥಭಂಡಾರವೂ ಇಲ್ಲ.

ಕಸೂತಿಗೆ ಸಂದ ಮನ್ನಣೆಯು ಹಾಡಿಗೆ ಏಕೆ ಸಲ್ಲಲಿಲ್ಲವೆಂಬುದಕ್ಕೆ ಕಾರಣವು ಸ್ಪಷ್ಟ. ಕಸೂತಿಯನ್ನು ಮಡಿಚಿ ಪೆಟ್ಟಿಗೆಯಲ್ಲಿಟ್ಟು ಪರದೇಶಕ್ಕೆ ಕಳುಹಬಹುದು. ಭಾಷೆ ತಿಳಿಯದವನೂ ಅದನ್ನು ಕೊಳ್ಳಬಹುದು. ಢಾವಲೊ ಹಾಡನ್ನು ಕೊಳ್ಳಬೇಕಾದರೆ ಅದರ ಭಾಷೆಯನ್ನು ತಿಳಿಯಬೇಕು, ಆ ಹುಡುಗಿಯ ಅಗಲಿಕೆಯನ್ನು ತಿಳಿಯಬೇಕು. ಮಾರುಕಟ್ಟೆಗೆ ಒಗ್ಗುವುದನ್ನು ಮಾತ್ರ ಶೋಧವು ಕಾಣುವುದಾದರೆ ಅದು ಫೂಟರ ಶೋಧಕ್ಕಿಂತ ಕಡಿಮೆಯದು. ಅವರಾದರೂ ಕಬ್ಬಿಣದೊಡನೆ ಬೆಲೆಯಿಲ್ಲದ ಕಲ್ಲುಗಳನ್ನೂ ಬರೆದಿಟ್ಟರು.

ಈಗ ಇಂದಿನ ವೇದಿಕೆಗಳ ಕಡೆಗೆ ತಿರುಗಬಹುದು. ಎಂ. ಪಿ. ಪ್ರಕಾಶರು ಮೊದಲು ಮಾಡಿದ ಹಂಪಿ ಉತ್ಸವವು ಈ ಸೀಮೆಯ ಕಲಾವಿದರಿಗೆ ದೊಡ್ಡ ಅವಕಾಶವನ್ನು ತಂದಿತು. ಜನಪದ ಕಲಾತಂಡಗಳ ಮೆರವಣಿಗೆಯೂ ಉಪವೇದಿಕೆಗಳೂ ಅಲ್ಲಿವೆ. ಆದರೂ ಮುಖ್ಯ ವೇದಿಕೆಯ ಸಂಜೆಯು ಬಹುಮಟ್ಟಿಗೆ ಚಲನಚಿತ್ರದ ಗಾಯಕರದು; ಜನಪದಕ್ಕೆ ಸಿಕ್ಕುವುದು ಕೈಗಡಿಯಾರ ನೋಡಿ ಅಳೆದ ನಿಮಿಷಗಳು. ರಾತ್ರಿಯೊಂದು ಬೇಕಾಗುವ ಕುಮಾರರಾಮನಿಗೆ ಹದಿನೈದು ನಿಮಿಷವನ್ನು ಕೊಟ್ಟರೆ ಗಾಯಕಿಯು ಏನು ಮಾಡಬೇಕು? ಚೆಂಡನ್ನು ಎಸೆದು, ಅದು ರತ್ನಾಜಿಯ ಅಂಗಳಕ್ಕೆ ಬೀಳುವ ಮೊದಲೇ ಕೈಮುಗಿದು ಇಳಿಯಬೇಕು. ಕೈಯಲ್ಲಿ ಹಿಡಿಯುವ ದೂರವಾಣಿಯ ಪರದೆಯು ಇದನ್ನೂ ಕತ್ತರಿಸಿ ಒಂದು ನಿಮಿಷಕ್ಕೆ ಇಳಿಸಿದೆ. ಅಲ್ಲಿ ಗೆಲ್ಲುವುದು ಮೊದಲ ಸಾಲಿನಲ್ಲಿಯೇ ಬೆರಗುಗೊಳಿಸುವ ಕೊರಳು. ನಿಧಾನವಾಗಿ ಕಾವೇರಿ, ಎರಡನೆಯ ಜಾವದಲ್ಲಿ ಕಣ್ಣೀರು ತರಿಸುವ ಕೊರಳಿಗೆ ಅಲ್ಲಿ ಸ್ಥಳವಿಲ್ಲ. ಈರಮ್ಮನವರನ್ನು ಈ ಅಳತೆಗೋಲಿನಿಂದ ಅಳೆದಿದ್ದರೆ ಅವರು ನಪಾಸಾಗುತ್ತಿದ್ದ ಸಂಭವವೇ ಹೆಚ್ಚು.

ಇದರಿಂದ ಹೊಸ ಮಾಧ್ಯಮವೇ ಕೇಡೆಂದು ತೀರ್ಮಾನಿಸುವುದು ಆತುರವಾದೀತು. ರಘು ದೀಕ್ಷಿತರಂಥವರು ಶಿಶುನಾಳ ಶರೀಫರ ಪದಗಳನ್ನು ಗಿಟಾರಿನೊಡನೆ ಹಾಡಿ, ಹಳ್ಳಿಯನ್ನೇ ಕಾಣದ ತರುಣರ ಬಾಯಿಗೆ ಅವನ್ನು ತಂದರು. ಅದಕ್ಕೂ ಮುಂಚೆ ಸಿ. ಅಶ್ವಥ್ ಅವರು ಭಾವಗೀತದ ಧಾಟಿಯಲ್ಲಿ ಆ ಕಾರ್ಯವನ್ನು ಮಾಡಿದ್ದರು. ಹಾಡು ರೂಪವನ್ನು ಬದಲಿಸಿಕೊಂಡು ಬಾಳುವುದು ಹೊಸದಲ್ಲ. ಬುರ್ರಕಥೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ. ಆದರೆ ಶರೀಫರ ಪದಕ್ಕೆ ಒಂದು ರಕ್ಷೆಯುಂಟು. ಯಾರು ಯಾವ ವಾದ್ಯದೊಡನೆ ಹಾಡಿದರೂ ಕಡೆಯ ನುಡಿಯಲ್ಲಿ ಶಿಶುನಾಳದ ಅಂಕಿತವು ಬಂದೇ ಬರುತ್ತದೆ. ಹಾಡು ತನ್ನ ಒಡೆಯನ ಹೆಸರನ್ನು ತಾನೇ ಹೇಳಿಕೊಳ್ಳುತ್ತದೆ. ಪರಂಪರೆಯ ಕಥನಕಾವ್ಯದಲ್ಲಿ ಹಾಡುವವರ ಅಂಕಿತಕ್ಕೆ ಎಡೆಯಿಲ್ಲ. ಗರತಿಯ ತ್ರಿಪದಿಗಿಲ್ಲ, ಢಾವಲೊಗಿಲ್ಲ. ಅಂಥ ಹಾಡನ್ನು ನಗರದ ತಂಡವು ಎತ್ತಿಕೊಂಡರೆ ಹಾಡು ಖ್ಯಾತವಾಗುತ್ತದೆ, ತಂಡವು ಖ್ಯಾತವಾಗುತ್ತದೆ. ಹಾಡಿಕೊಟ್ಟವಳು ೧೯೩೧ರ ಗರತಿಯಂತೆಯೇ ಮತ್ತೊಮ್ಮೆ ಕರಗಿಹೋಗುತ್ತಾಳೆ. ಆದುದರಿಂದ ಹಾಡಿನೊಳಗೆ ಇಲ್ಲದ ಅಂಕಿತವನ್ನು ಹೊರಗಿನಿಂದ ಇಡುವುದು ಶೋಧಕನ ಮೊದಲ ಧರ್ಮ. ಊರು, ಹೆಸರು, ಕಲಿಸಿದವರ ಹೆಸರು, ಹಿಮ್ಮೇಳದವರ ಹೆಸರು, ಇವಿಲ್ಲದ ಮುದ್ರಣವು ಎಷ್ಟೇ ಇಂಪಾಗಿದ್ದರೂ ಅಪೂರ್ಣ.

ಗಾಯಕರ ಜೀವನೋಪಾಯದ ಮಾತನ್ನೂ ಇಲ್ಲಿ ಬಿಡಲಾಗದು. ಕಥೆ ಹೇಳಿ ಕಾಳು ಪಡೆಯುವ ವೃತ್ತಿಯನ್ನು ಮಕ್ಕಳು ಮುಂದುವರಿಸಬೇಕೆಂದು ಪಟ್ಟಣದ ರಸಿಕರು ಬಯಸುವುದು ಸುಲಭ. ತಮ್ಮ ಮಕ್ಕಳನ್ನು ಆ ವೃತ್ತಿಗೆ ಹಚ್ಚಲು ಅವರು ಒಪ್ಪಲಾರರು. ಅಲೆಮಾರಿಯ ಮಗಳು ಶಾಲೆಗೆ ಹೋಗಿ, ಜೋಳಿಗೆಯನ್ನು ಕೆಳಗಿಟ್ಟರೆ ಅದು ನಾಡಿನ ಗೆಲವೇ. ಕಾವ್ಯವನ್ನು ಉಳಿಸುವ ನೆವದಿಂದ ಬಡತನವನ್ನು ಉಳಿಸತಕ್ಕದ್ದಲ್ಲ. ಕಲಿಯುವ ಶಿಷ್ಯೆಗೆ ವೇತನ, ಕಲಿಸುವ ಹಿರಿಯಳಿಗೆ ಗೌರವಧನ, ಇಡೀ ರಾತ್ರಿಯ ಪ್ರಯೋಗಕ್ಕೆ ಯೋಗ್ಯವಾದ ಸಂಭಾವನೆ, ಈ ಮೂರು ದೊರೆತರೆ ಜೋಳಿಗೆಯಿಲ್ಲದೆಯೂ ಕಥೆಯು ನಡೆಯಬಲ್ಲದು. ಮುಪ್ಪಿನಲ್ಲಿ ಕೊಡುವ ಶಾಲು ಹಾರಗಳಿಗಿಂತ ಹರೆಯದಲ್ಲಿ ಕೊಡುವ ಕೂಲಿಯು ಕಲೆಗೆ ಹೆಚ್ಚು ಹಿತ.

ಈ ಕಾರ್ಯಕ್ಕೆ ರಾಜಧಾನಿಯ ದೊಡ್ಡ ಸಂಸ್ಥೆಗಳಿಗಿಂತ ಜಿಲ್ಲೆಯ ಚಿಕ್ಕ ಸಂಘಗಳು ಹೆಚ್ಚು ತಕ್ಕವು. ಯಾವ ಕೇರಿಯಲ್ಲಿ ಯಾರು ಹಾಡುವರೆಂಬುದು ಅವಕ್ಕೆ ಗೊತ್ತು. ಭಾಷೆಯ ಒಳದನಿಯೂ ಗೊತ್ತು. ತಾಲ್ಲೂಕಿಗೆ ಒಬ್ಬರಂತೆ ಗಾಯಕರನ್ನು ವರ್ಷಕ್ಕೊಮ್ಮೆ ಆರಿಸಿ, ಒಂದು ಕಥೆಯನ್ನಾದರೂ ಮೊದಲಿಂದ ಕಡೆಯವರೆಗೆ, ಅವರ ಊರಿನಲ್ಲಿಯೇ, ಅವರ ಕೇಳುಗರ ನಡುವೆಯೇ ಮುದ್ರಿಸಿಡಬಹುದು. ಐದು ವರ್ಷಗಳ ತರುವಾಯ ಅದೇ ಕಥೆಯನ್ನು ಮತ್ತೊಮ್ಮೆ ಮುದ್ರಿಸಿದರೆ ಗಾಯಕರು ಬೆಳೆದ ಬಗೆಯು ತಿಳಿದೀತು. ಮುದ್ರಿಸಿದುದನ್ನು ಮೊದಲು ಹಾಡಿದವರಿಗೇ ಕೇಳಿಸಬೇಕು. ೧೯೪೧ರಲ್ಲಿ ಅಮೆರಿಕದ ಅಲನ್ ಲೊಮ್ಯಾಕ್ಸ್ ಎಂಬವರು ಮಿಸಿಸಿಪಿಯ ಹೊಲಗಳ ನಡುವೆ ಮಡ್ಡಿ ವಾಟರ್ಸ್ ಎಂಬ ಕೂಲಿಯಾಳಿನ ಹಾಡನ್ನು ಮುದ್ರಿಸಿ ಅವನಿಗೇ ಕೇಳಿಸಿದರು. ತನ್ನ ದನಿಯನ್ನು ತಾನು ಕೇಳಿದ ಆತನಿಗೆ ತಾನು ಗಾಯಕನೆಂಬ ನಂಬಿಕೆಯು ಗಟ್ಟಿಯಾಯಿತು. ಎರಡು ವರ್ಷಗಳಲ್ಲಿ ಆತನು ಶಿಕಾಗೋ ನಗರಕ್ಕೆ ಹೋಗಿ ಆ ದೇಶದ ಸಂಗೀತದ ದಾರಿಯನ್ನೇ ತಿರುಗಿಸಿದನು. ಶೋಧದಿಂದ ಲೋಕಕ್ಕೆ ಗಾಯಕನು ತಿಳಿದುದಕ್ಕಿಂತ ಗಾಯಕನಿಗೆ ತಾನು ತಿಳಿದುದು ಅಲ್ಲಿ ದೊಡ್ಡದಾಯಿತು.

ದರೋಜಿ ಈರಮ್ಮನವರ ಬಾಳಿನಿಂದ ಕಲಿಯಬೇಕಾದ ಪಾಠವು ಇಷ್ಟು. ಅವರು ದೊಡ್ಡವರೆಂದು ಹೇಳುವುದಕ್ಕೆ ಈಗ ಧೈರ್ಯವು ಬೇಕಾಗಿಲ್ಲ. ಪ್ರಶಸ್ತಿಗಳು ಅದನ್ನು ಹೇಳಿವೆ, ಪುಸ್ತಕಗಳು ಹೇಳಿವೆ. ಮೂವತ್ತರ ಹರೆಯದ ಈರಮ್ಮನವರು ಊರಬಾಗಿಲಿಗೆ ಬಂದು ನಿಂತಿದ್ದಾಗ ಅದನ್ನು ಹೇಳಬಲ್ಲವರು ಬೇಕಾಗಿದ್ದರು. ಅಂದು ಹೇಳಿದವರು ಅಕ್ಷರ ಬಾರದ ಕೇಳುಗರು. ಅವರು ಕಾಳು ಕೊಟ್ಟು, ಬೆಳಗಿನವರೆಗೆ ಎದ್ದಿದ್ದು, ತಮ್ಮ ತೀರ್ಪನ್ನು ತಿಳಿಸಿದರು. ಈ ಹೊತ್ತು ಸಂಡೂರಿನ ಯಾವುದೋ ತಾಂಡದಲ್ಲಿ, ಕಂಪ್ಲಿಯ ಯಾವುದೋ ಕೇರಿಯಲ್ಲಿ ತಾಯಿಯ ಪಕ್ಕದಲ್ಲಿ ನಿಂತು ಸೊಲ್ಲು ಕೂಡಿಸುತ್ತಿರುವ ಹುಡುಗಿಯೊಬ್ಬಳು ಇದ್ದಾಳು. ಅವಳಿಗಾಗಿ ಎಷ್ಟು ಹೊತ್ತು ಕುಳಿತು ಕೇಳುವ ಸಹನೆಯಿದೆಯೆಂಬುದು ವಿಮರ್ಶಕರ ಯೋಗ್ಯತೆಯ ಪರೀಕ್ಷೆ.